ಮೀನಿನ ಪೊಟ್ಟಣದ ಮೇಲಿನ ಬರಹ

ಕರಾವಳಿಯಿಂದ ಬಂದು ಮುಂಬಯಿಯಲ್ಲಿ ನೆಲಸಿದ ನಮ್ಮವರಲ್ಲಿ ಅನೇಕರಿಗೆ ಬಂಗುಡೆ, ಅಂಜಲ್, ಸಿಗಡಿಗಳಿಲ್ಲದ ಊಟ ರುಚಿಸದು. ಊರಿನಲ್ಲಿ ಮೀನು ಯಾವ ದೋಣಿಯದೆಂಬುದನ್ನು ಮಾರುವಾಕೆಯೇ ಹೇಳುತ್ತಿದ್ದಳು. ನಗರದಲ್ಲಿ ಆ ಪರಿಚಯದ ಸ್ಥಾನವನ್ನು ಪೊಟ್ಟಣದ ಮೇಲಿನ ಬರಹವೇ ತುಂಬಬೇಕಾಗಿದೆ.

ಇದರ ಅಗತ್ಯವೇನು? ಬಂಗುಡೆ, ಟ್ಯೂನ ಮುಂತಾದ ಮೀನುಗಳನ್ನು ಹಿಡಿದೊಡನೆ ಮಂಜುಗಡ್ಡೆಯಲ್ಲಿಡದಿದ್ದರೆ ಬ್ಯಾಕ್ಟೀರಿಯಗಳು ಅವುಗಳಲ್ಲಿ ಹಿಸ್ಟಮಿನ್ ಎಂಬ ವಸ್ತುವನ್ನು ಉಂಟುಮಾಡುತ್ತವೆ. ಬೇಯಿಸಿದರೂ ಅದು ನಾಶವಾಗದು, ಕಣ್ಣಿಗೂ ಕಾಣದು. ತಿಂದವರಿಗೆ ಮುಖ ಕೆಂಪೇರುವುದು, ತುರಿಕೆ, ತಲೆನೋವು, ವಾಂತಿ ಸಂಭವಿಸಬಹುದು. ಆ ಸರಕಿನ ಮೂಲವನ್ನು ಪತ್ತೆಹಚ್ಚಿದಲ್ಲದೆ ಅದನ್ನೇ ಕೊಂಡ ಇತರರನ್ನು ಎಚ್ಚರಿಸಲಾಗದು.

ವೋಚರಿಲ್ಲದ ಖರ್ಚನ್ನು ಲೆಕ್ಕಪರಿಶೋಧಕರು ಒಪ್ಪುವುದಿಲ್ಲ. ಬ್ಯಾಚ್ ಸಂಖ್ಯೆಯೂ ಅಂಥದೊಂದು ವೋಚರು. ಆದರೆ ಬಂದರು, ಶೀತಲಗೃಹ, ವರ್ತಕ, ಹೀಗೆ ಪ್ರತಿಯೊಬ್ಬರೂ ಕೊಂಡದ್ದನ್ನೂ ಮಾರಿದ್ದನ್ನೂ ಬರೆದಿಟ್ಟಾಗ ಮಾತ್ರ ಅದಕ್ಕೆ ಬೆಲೆ. ನಮ್ಮ ದೇಶದ 2020ರ ಲೇಬಲ್ ನಿಯಮಗಳಂತೆ ಪೊಟ್ಟಣದ ಮೇಲೆ ಬ್ಯಾಚ್ ಸಂಖ್ಯೆ, ತಯಾರಕರ ವಿಳಾಸ, 14 ಅಂಕಿಗಳ ಪರವಾನಗಿ ಸಂಖ್ಯೆ, ತಯಾರಿಕೆಯ ಹಾಗೂ ಬಳಕೆಯ ಅಂತಿಮ ದಿನಾಂಕಗಳು ಇರಲೇಬೇಕು. ಯುರೋಪಿನ ಒಕ್ಕೂಟವು 2013ರ ನಿಯಮದ ಮೂಲಕ ಮೀನಿನ ಶಾಸ್ತ್ರೀಯ ನಾಮ, ಹಿಡಿದ ಜಲಪ್ರದೇಶ, ಹಿಡಿದ ಸಾಧನ ಇವುಗಳನ್ನೂ ಗ್ರಾಹಕರಿಗೆ ತಿಳಿಸಬೇಕೆಂದು ವಿಧಿಸಿದೆ.

ಬಿಡಿ ಮೀನಿಗೆ ಇಂಥ ಬರಹವಿರುವುದಿಲ್ಲ. ಆದುದರಿಂದ ಮಂಜುಗಡ್ಡೆಯಲ್ಲಿ ಚೆನ್ನಾಗಿ ಹುದುಗಿಸಿಟ್ಟದ್ದನ್ನೇ, ಪರಿಚಿತ ಮಾರಾಟಗಾರರಿಂದ ಕೊಳ್ಳುವುದು ಲೇಸು. ಪೊಟ್ಟಣವನ್ನು ಕೊಂಡಲ್ಲಿ, ಉಂಡ ಮರುದಿನದವರೆಗೂ ಅದರ ಹೊದಿಕೆಯನ್ನು ಎಸೆಯಬಾರದು. ತೊಂದರೆಯುಂಟಾದರೆ ವೈದ್ಯರಿಗೂ ಆಹಾರ ಸುರಕ್ಷತಾ ಅಧಿಕಾರಿಗೂ ತೋರಿಸಲು ನಮ್ಮ ಕೈಯಲ್ಲಿರುವ ಆಧಾರ ಅದೊಂದೇ.