ಟ್ಯಾಕೋಮೀಟರಿನ ಸಾಕ್ಷ್ಯ

ಎಂಜಿನು ಒಂದು ನಿಮಿಷದಲ್ಲಿ ಎಷ್ಟು ಸುತ್ತು ತಿರುಗುವದೆಂಬದನ್ನು ತೋರಿಸುವ ಮಾಪಕಕ್ಕೆ ಟ್ಯಾಕೋಮೀಟರೆಂದು ಹೆಸರು. ಗ್ರೀಕ್ ಭಾಷೆಯಲ್ಲಿ ‘ಟ್ಯಾಕೋಸ್’ ಎಂದರೆ ವೇಗ, ‘ಮೆಟ್ರೋನ್’ ಎಂದರೆ ಅಳತೆ. ಸ್ಪೀಡೋಮೀಟರು ಬೇರೆ, ಇದು ಬೇರೆ. ಗಾಡಿಯು ನಿಂತಿರುವಾಗಲೂ ಎಂಜಿನು ತಿರುಗುತ್ತಿರಬಹುದಷ್ಟೆ.

ಇಂಗ್ಲೆಂಡಿನ ಹಳೆಯ ಸ್ಪೋರ್ಟ್ಸ್ ಕಾರುಗಳಲ್ಲಿ ಈ ಮಾಪಕವು ಅನೇಕ ವೇಳೆ ತಪ್ಪು ತೋರಿಸುವದುಂಟು. ಮುಖಫಲಕದ ಕೆಂಪು ಗುರುತು ೬,೦೦೦ ಸುತ್ತುಗಳಲ್ಲಿದೆಯೆಂದು ಭಾವಿಸೋಣ. ಮಾಪಕವು ನೂರಕ್ಕೆ ಹತ್ತರಷ್ಟು ಕಡಿಮೆ ತೋರಿಸಿದರೆ, ಮುಳ್ಳು ೫,೪೦೦ರಲ್ಲಿರುವಾಗಲೇ ಎಂಜಿನು ಎಲ್ಲೆಯನ್ನು ಮುಟ್ಟಿರುವದು. ಚಾಲಕನು ನಿರ್ಭಯನಾಗಿ ಮುಂದರಿದರೆ, ಕವಾಟಗಳನ್ನು ಮುಚ್ಚುವ ಸ್ಪ್ರಿಂಗುಗಳು ಆ ವೇಗಕ್ಕೆ ಸಾಲದೆ ಹೋಗಿ, ಎಂಜಿನೇ ಮುರಿದುಬೀಳಬಹುದು. ಆದಕಾರಣ ತಪ್ಪಿನ ಮೂಲವನ್ನು ತಿಳಿಯುವದು ಅವಶ್ಯ.

೧. ಕೇಬಲಿನಿಂದ ನಡೆಯುವ ಮಾಪಕ. ೧೯೫೫ರಿಂದ ೧೯೬೨ರ ವರೆಗೆ ತಯಾರಾದ ಎಂ.ಜಿ.ಎ. ಕಾರಿನಲ್ಲಿ ಇಂಥದಿತ್ತು. ಎಂಜಿನಿನಿಂದ ಬರುವ ಬಳುಕುವ ಕೇಬಲು ಒಂದು ಅಯಸ್ಕಾಂತವನ್ನು ತಿರುಗಿಸುವದು. ಅದನ್ನು ಮುಟ್ಟದೆ ಸುತ್ತುವರಿದಿರುವ ಅಲ್ಯುಮಿನಿಯಮ್ ಬಟ್ಟಲಿನಲ್ಲಿ ವಿದ್ಯುತ್ಪ್ರವಾಹಗಳು ಹುಟ್ಟಿ, ಬಟ್ಟಲು ಅಯಸ್ಕಾಂತದ ಹಿಂದೆ ಎಳೆಯಲ್ಪಡುವದು. ಕೂದಲಿನಂತಹ ಒಂದು ಸ್ಪ್ರಿಂಗು ಅದನ್ನು ತಡೆಯುವದು. ಈ ಎರಡು ಬಲಗಳು ಸಮವಾದಲ್ಲಿ ಮುಳ್ಳು ನಿಲ್ಲುವದು. ವರ್ಷಗಳು ಕಳೆದು ಅಯಸ್ಕಾಂತವು ಕುಂದಿದರೆ ಮುಳ್ಳು ಕಡಿಮೆ ತೋರಿಸುವದು; ಸ್ಪ್ರಿಂಗು ಸಡಿಲವಾದರೆ ಹೆಚ್ಚು ತೋರಿಸುವದು. ಕೇಬಲು ಒಣಗಿದರೆ ಹಿಡಿದು ಬಿಟ್ಟು ತಿರುಗುವದರಿಂದ ಮುಳ್ಳು ತೂಗಾಡುವದು. ಹೀಗೆ ತಪ್ಪಿನ ರೀತಿಯೇ ಅದರ ಕಾರಣವನ್ನು ಸೂಚಿಸುವದು.

೨. ವಿದ್ಯುತ್ತಿನಿಂದ ನಡೆಯುವ ಮಾಪಕ. ೧೯೬೨ರಿಂದ ೧೯೮೦ರ ವರೆಗೆ ತಯಾರಾದ ಎಂ.ಜಿ.ಬಿ. ಕಾರಿಗೆ ೧೯೬೦ರ ದಶಕದ ನಡುವಿನಿಂದ ಇದು ಬಂದಿತು. ಇದು ಕಿಡಿಗಳನ್ನು ಎಣಿಸುವದು. ನಾಲ್ಕು ಸಿಲಿಂಡರಿನ ಎಂಜಿನಿನಲ್ಲಿ ಎರಡು ಸುತ್ತಿಗೆ ನಾಲ್ಕು ಕಿಡಿ, ಅಂದರೆ ಸುತ್ತಿಗೆ ಎರಡು. ೩,೦೦೦ ಸುತ್ತುಗಳಲ್ಲಿ ನಿಮಿಷಕ್ಕೆ ೬,೦೦೦ ಕಿಡಿಗಳಾಗುವವು. ಒಳಗಿನ ಕಂಡೆನ್ಸರು, ರೆಸಿಸ್ಟರುಗಳು ಹಳತಾಗಿ ತಮ್ಮ ಮೌಲ್ಯವನ್ನು ಬದಲಿಸಿದರೆ ಲೆಕ್ಕವು ತಪ್ಪುವದು. ತಂತಿಯ ಕೂಡಿಕೆ ಸಡಿಲವಾದರೆ ಮುಳ್ಳು ಜಿಗಿಯುವದು. ಹಳೆಯ ಕಾಂಟ್ಯಾಕ್ಟ್ ಬ್ರೇಕರನ್ನು ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಜೋಡಿಸಿದಾಗ, ವಿದ್ಯುತ್ತಿನ ಮಿಡಿತದ ಆಕಾರವೇ ಬದಲಾಗುವದರಿಂದ ಕೆಲವು ಮಾಪಕಗಳು ತಪ್ಪಾಗಿ ಎಣಿಸುವವು. ಕೆಲವು ಅಲುಗುವದೇ ಇಲ್ಲ. ಇಲ್ಲಿ ಮಾಪಕವು ಕೆಟ್ಟಿಲ್ಲ. ಅದಕ್ಕೆ ಪರಿಚಯವಿಲ್ಲದ ಭಾಷೆಯಲ್ಲಿ ಸುದ್ದಿ ಬರುತ್ತಿದೆ.

೩. ಪರೀಕ್ಷಿಸುವ ಕ್ರಮ. ಒಂದು ಮಾಪಕದ ಸತ್ಯವನ್ನು ಅದರಿಂದಲೇ ತಿಳಿಯಲಾಗದು. ಸ್ವತಂತ್ರವಾದ ಎರಡನೆಯ ಸಾಕ್ಷಿ ಬೇಕು. ಇಂಗ್ಲೆಂಡಿನಲ್ಲಿಯೂ ನಮ್ಮ ದೇಶದಲ್ಲಿಯೂ ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತನೆಯುಳ್ಳದ್ದು. ಅದರಿಂದ ಉರಿಯುವ ನಿಯಾನ್ ದೀಪವು ಸೆಕೆಂಡಿಗೆ ೧೦೦ ಸಾರಿ ಮಿನುಗುವದು. ಕ್ರ್ಯಾಂಕ್‌ಶಾಫ್ಟಿನ ಗಾಲಿಯ ಮೇಲೆ ಬಿಳಿಯ ಗೆರೆಯೊಂದನ್ನು ಎಳೆದು, ಮಬ್ಬುಗತ್ತಲೆಯಲ್ಲಿ ಈ ದೀಪವನ್ನು ಹಿಡಿಯಬೇಕು. ಎಂಜಿನು ೧,೫೦೦ ಸುತ್ತು ತಿರುಗುವಾಗ ಸೆಕೆಂಡಿಗೆ ೨೫ ಸುತ್ತುಗಳಾಗುವವು; ಪ್ರತಿ ಸುತ್ತಿನಲ್ಲಿ ದೀಪವು ನಾಲ್ಕು ಸಾರಿ ಮಿನುಗುವದರಿಂದ ನಾಲ್ಕು ಗೆರೆಗಳು ನಿಂತಂತೆ ಕಾಣುವವು. ಆಗ ಮುಳ್ಳು ೧,೩೫೦ನ್ನು ತೋರಿಸಿದರೆ ತಪ್ಪು ನೂರಕ್ಕೆ ಹತ್ತು. ೩,೦೦೦ದಲ್ಲಿ ಎರಡು ಗೆರೆಗಳು ಕಾಣುವವು, ಅಲ್ಲಿಯೂ ನೋಡಬೇಕು. ತಪ್ಪು ಅಲ್ಲಿ ೩೦೦ ಆದರೆ ಅದು ವೇಗದೊಡನೆ ಬೆಳೆಯುವ ತಪ್ಪು. ೧೫೦ ಆಗಿಯೇ ಉಳಿದರೆ ಮುಳ್ಳನ್ನು ಸ್ಥಾನ ತಪ್ಪಿ ಕೂಡಿಸಿದ್ದಾರೆಂದು ಊಹಿಸಬಹುದು. ನಿಂತಂತೆ ತೋರುವ ಗಾಲಿಯು ನಿಜವಾಗಿ ನಿಂತಿಲ್ಲವೆಂಬದನ್ನು ಮರೆಯಬಾರದು. ಕೈಯನ್ನೂ ಸೆರಗನ್ನೂ ಜಡೆಯನ್ನೂ ದೂರವಿಡತಕ್ಕದ್ದು.

ನಮ್ಮ ವಿದ್ಯಾರ್ಥಿನಿಯರು ಪ್ರಯೋಗಶಾಲೆಯಲ್ಲಿ ಉಷ್ಣಮಾಪಕವನ್ನೋ ತಕ್ಕಡಿಯನ್ನೋ ಹಿಡಿಯುವಾಗಲೂ ಇದೇ ನಿಯಮವನ್ನು ಅನುಸರಿಸಬೇಕು. ಮಾಪಕವನ್ನು ಗೌರವಿಸೋಣ, ಆದರೆ ಪರೀಕ್ಷಿಸದೆ ನಂಬದಿರೋಣ. ತಪ್ಪಿನ ಪ್ರಮಾಣವು ತಿಳಿದಿರುವ ಹಳೆಯ ಮಾಪಕವು, ಪರೀಕ್ಷೆಯನ್ನೇ ಕಾಣದ ಹೊಸ ಮಾಪಕಕ್ಕಿಂತ ಹೆಚ್ಚು ಪ್ರಯೋಜನಕರ.

ಅಭ್ಯಾಸ: ನಾಲ್ಕು ಸಿಲಿಂಡರಿಗಾಗಿ ಮಾಡಿದ ವಿದ್ಯುನ್ಮಾಪಕವನ್ನು ಆರು ಸಿಲಿಂಡರಿನ ಎಂಜಿನಿಗೆ ಜೋಡಿಸಿದರೆ, ನಿಜವಾದ ೩,೦೦೦ ಸುತ್ತುಗಳಿಗೆ ಮುಳ್ಳು ಎಷ್ಟನ್ನು ತೋರಿಸುವದು? ಕಾರಣ ಸಹಿತ ಬರೆಯಿರಿ.