ಗ್ರಾಮ ಪಂಚಾಯಿತಿಗೆ ವರಮಾನ ಎಲ್ಲಿಂದ?

ರಾಬರ್ಟ್‌ಸನ್‌ಪೇಟೆಯ ಮನೆಗಂದಾಯ ನಗರಸಭೆಗೆ ಸೇರುತ್ತದೆ. ಆ ಎಲ್ಲೆಯಾಚೆಯ ಹಳ್ಳಿಯದು ಗ್ರಾಮ ಪಂಚಾಯಿತಿಗೆ. ಪಂಚಾಯಿತಿಯ ಸ್ವಂತ ವರಮಾನ ಯಾವುದು? 1993ರ ಪಂಚಾಯತ್ ರಾಜ್ ಅಧಿನಿಯಮದ ಪ್ರಕಾರ ಕಟ್ಟಡಗಳ ಹಾಗೂ ಬೇಸಾಯದ ಕಂದಾಯಕ್ಕೆ ಒಳಪಡದ ಜಮೀನುಗಳ ತೆರಿಗೆ, ನೀರಿನ ದರ, ಸಂತೆ, ಬಸ್ ನಿಲ್ದಾಣ ಹಾಗೂ ಹುಲ್ಲುಗಾವಲಿನ ಶುಲ್ಕ. ತೋಟದ ಭೂಕಂದಾಯ ಸರ್ಕಾರಕ್ಕೆ, ವಾಸದ ಮನೆಯ ತೆರಿಗೆ ಪಂಚಾಯಿತಿಗೆ. ಈ ಭೇದವನ್ನು ಬೆಳೆಗಾರರು ಮರೆಯಬಾರದು.

ಅನುದಾನ ಬರುತ್ತದಲ್ಲ ಎನ್ನಬಹುದು. 2021-26ರ ಅವಧಿಗೆ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60 ಭಾಗ ನೀರು, ನೈರ್ಮಲ್ಯಕ್ಕೇ ಮೀಸಲು; ಉಳಿದುದರಲ್ಲಿ ಸಂಬಳ ಕೊಡುವಂತಿರಲಿಲ್ಲ. ಊರಿನ ಇಷ್ಟದಂತೆ ಖರ್ಚಿಗೆ ಒದಗುವುದು ಸ್ವಂತ ವರಮಾನವೇ.

ಆದುದರಿಂದ ತೆರಿಗೆ ಕಟ್ಟಿ ರಸೀದಿ ಪಡೆಯಿರಿ. ಆರು ತಿಂಗಳಿಗೊಮ್ಮೆಯಾದರೂ ಸೇರಬೇಕಾದ ಗ್ರಾಮಸಭೆಗೆ ಹೋಗಿ ಜಮಾಖರ್ಚಿನ ಲೆಕ್ಕ ಕೇಳಿರಿ. ಕಟ್ಟಿದವನ ಪ್ರಶ್ನೆಗೆ ತೂಕ ಹೆಚ್ಚು.