ಸೋರಿಯಾಸಿಸ್: ರೋಗನಿರೋಧಕ ಕೋಶಗಳ ಪಾತ್ರ

ಸೋರಿಯಾಸಿಸ್ ರೋಗನಿರೋಧಕ ವ್ಯವಸ್ಥೆ ಹದ ತಪ್ಪಿದಾಗ ಕಾಣಿಸಿಕೊಳ್ಳುವ ದೀರ್ಘಕಾಲದ ಚರ್ಮರೋಗ. ಇದರ ಲಕ್ಷಣ ಕೆಂಪು ಮಚ್ಚೆ ಹಾಗೂ ಅದರ ಮೇಲಿನ ಬಿಳಿ ಹೊಟ್ಟು.

ರೋಗ ಬೆಳೆಯುವ ಕ್ರಮ
1. ಚರ್ಮದ ಡೆಂಡ್ರೈಟಿಕ್ ಕೋಶಗಳು ಪ್ರಚೋದನೆಗೊಂಡು ಇಂಟರ್‌ಲ್ಯೂಕಿನ್-23 ಸ್ರವಿಸುತ್ತವೆ.
2. ಇದು ಟಿಎಚ್-17 ಎಂಬ ಟಿ-ಕೋಶಗಳನ್ನು ಬಲಪಡಿಸುತ್ತದೆ.
3. ಆ ಕೋಶಗಳಿಂದ ಹೊರಬರುವ ಇಂಟರ್‌ಲ್ಯೂಕಿನ್-17 ಮತ್ತು 22, ಚರ್ಮದ ಕೆರಟಿನೋಸೈಟ್ ಕೋಶಗಳು ವಿಪರೀತ ವೇಗದಲ್ಲಿ ವೃದ್ಧಿಯಾಗುವಂತೆ ಮಾಡುತ್ತವೆ.
4. ಸಾಮಾನ್ಯವಾಗಿ ಸುಮಾರು ಒಂದು ತಿಂಗಳು ಹಿಡಿಯುವ ಹೊರಚರ್ಮದ ನವೀಕರಣ ಕೆಲವೇ ದಿನಗಳಲ್ಲಿ ನಡೆದು, ಹೊಟ್ಟು ಪದರಪದರವಾಗಿ ಸೇರುತ್ತದೆ.

ಮಚ್ಚೆ ಮಾಯವಾದರೂ ಚರ್ಮದಲ್ಲೇ ನೆಲೆಸುವ ಸ್ಮೃತಿ ಟಿ-ಕೋಶಗಳು ಉಳಿಯುತ್ತವೆ. ರೋಗ ಅದೇ ಜಾಗದಲ್ಲಿ ಮರುಕಳಿಸಲು ಇದು ಮುಖ್ಯ ಕಾರಣ.

ಸೋರಿಯಾಟಿಕ್ ಸಂಧಿವಾತ
ಕೆಲವು ರೋಗಿಗಳಲ್ಲಿ ಉರಿಯೂತ ಕೀಲುಗಳಿಗೂ, ಸ್ನಾಯುರಜ್ಜು ಮೂಳೆಗೆ ಅಂಟುವ ಜಾಗಕ್ಕೂ ಹಬ್ಬುತ್ತದೆ. ಬೆರಳು ಇಡಿಯಾಗಿ ಊದಿಕೊಳ್ಳಬಹುದು. ಉಗುರಿನಲ್ಲಿ ಸಣ್ಣ ಗುಳಿಗಳು ಬೀಳಬಹುದು. ರಕ್ತದಲ್ಲಿ ರುಮಟಾಯ್ಡ್ ಅಂಶ ಸಾಮಾನ್ಯವಾಗಿ ಕಾಣುವುದಿಲ್ಲ. ಚಿಕಿತ್ಸೆ ತಡವಾದರೆ ಕೀಲು ಶಾಶ್ವತವಾಗಿ ಹಾಳಾಗಬಹುದು.

ಜೈವಿಕ ಔಷಧಗಳು
• ಅಡಾಲಿಮುಮ್ಯಾಬ್: ಟಿಎನ್‌ಎಫ್-ಆಲ್ಫಾ ತಡೆ
• ಸೆಕ್ಯುಕಿನುಮ್ಯಾಬ್: ಇಂಟರ್‌ಲ್ಯೂಕಿನ್-17ಎ ತಡೆ
• ಉಸ್ಟೆಕಿನುಮ್ಯಾಬ್: ಇಂಟರ್‌ಲ್ಯೂಕಿನ್-12 ಮತ್ತು 23 ತಡೆ
• ಇಟೋಲಿಜುಮ್ಯಾಬ್: ಟಿ-ಕೋಶದ ಸಿಡಿ-6 ಗುರಿ, ಬೆಂಗಳೂರಿನ ಬಯೋಕಾನ್ 2013ರಲ್ಲಿ ಭಾರತದಲ್ಲಿ ಬಿಡುಗಡೆ ಮಾಡಿತು

ನೆನಪಿಡಿ
• ವಿಶ್ವ ಸೋರಿಯಾಸಿಸ್ ದಿನ: ಅಕ್ಟೋಬರ್ 29
• 2014ರಲ್ಲಿ ವಿಶ್ವ ಆರೋಗ್ಯ ಸಭೆ ಸೋರಿಯಾಸಿಸ್ ಕುರಿತು ನಿರ್ಣಯ ಅಂಗೀಕರಿಸಿತು.
• ಇದು ಸೋಂಕುರೋಗವಲ್ಲ, ಮುಟ್ಟಿದರೆ ಹರಡುವುದಿಲ್ಲ. ರೋಗಿಗಳನ್ನು ದೂರವಿಡುವ ತಪ್ಪು ನಡೆಯದಿರಲು ಇದನ್ನು ತಿಳಿದಿರಬೇಕು.